ಷರಾ

ಮೊದಲ ಪುಟದಲ್ಲಿ ಆರು ತಂಡ, ಒಂದೇ ಶಾಯಿ.
ಎಪ್ಪತ್ತೊಂದನೇ ಇಸವಿ, ಶಿಡ್ಲಘಟ್ಟ,
ಗೂಡಿನ ಮಾರುಕಟ್ಟೆಯ ಹಿಂದಿನ ಬಯಲು.
ಅಪ್ಪನದು ಗುಮಾಸ್ತನ ಅಕ್ಷರ,
ಅಂಕಿ ತಪ್ಪಿದರೆ ಹೊಡೆದುಹಾಕಿ ಪಕ್ಕದಲ್ಲೇ ಸಹಿ.

ಹವ್ಯಾಸಿ ಕಬಡ್ಡಿ ಲೀಗು ಅಂತ ಹೆಸರು.
ಹವ್ಯಾಸಿ ಅಂದರೇನೆಂದು ಯಾರೋ ಕೇಳಿದ್ದಕ್ಕೆ
ಪಿಳ್ಳಪ್ಪ ಅಂದನಂತೆ:
ಗೆದ್ದರೆ ಕಾಸಿಲ್ಲ, ಸೋತರೆ ಅವತ್ತಿನ ಕೂಲಿಯೂ ಇಲ್ಲ.

ಎಂಬತ್ತು ಕಿಲೋ ದಾಟಿದವನು ಆಡುವ ಹಾಗಿಲ್ಲ.
ತೂಗಲು ಗೂಡಿನ ತಕ್ಕಡಿಯೇ.
ಜಾಲರಿ ಇಳಿಸಿ, ಆಳನ್ನು ಹತ್ತಿಸಿ,
ರೀಲರ್ ಅಮಾನುಲ್ಲಾ ಹರಾಜಿನ ದನಿಯಲ್ಲೇ ಕೂಗುತ್ತಿದ್ದರು:
ಎಪ್ಪತ್ತೊಂಬತ್ತೂವರೆ! ಜಂಗಮಕೋಟೆ ಮಾಲು! ಯಾರಿಗೆ?
ಸತ್ತ ಹುಳದ ವಾಸನೆ ಅಂಟಿಸಿಕೊಂಡೇ
ಅಂಕಣಕ್ಕೆ ಇಳಿಯುತ್ತಿದ್ದರು ಎಲ್ಲರೂ.

ತಂಡ ಹದಿನಾಲ್ಕಾದಾಗ ಎ ಡಿವಿಷನ್, ಬಿ ಡಿವಿಷನ್.
ಮೇಲಿನ ಕೊನೆಯವರು ಕೆಳಕ್ಕೆ, ಕೆಳಗಿನ ಮೊದಲಿಗರು ಮೇಲಕ್ಕೆ.
ದಿಬ್ಬೂರಹಳ್ಳಿ ಬಿ-ಯಲ್ಲೂ ಕೊನೆ.
ಇಳಿಯೋಣವೆಂದರೆ ಇನ್ನೊಂದು ಮೆಟ್ಟಿಲಿಲ್ಲ.
ಹನ್ನೊಂದು ವರ್ಷ ಅಲ್ಲೇ ನಿಂತರು,
ಒಂದು ದಿನವೂ ತಡವಾಗಿ ಬರಲಿಲ್ಲ.

ಮೇಲೂರಿನ ಏಳೂ ಮಂದಿ ಒಂದೇ ಮನೆಯವರು.
ಮನೆ ಭಾಗವಾದ ವರ್ಷ
ಪುಸ್ತಕದಲ್ಲಿ ಮೇಲೂರು ಒಂದು, ಮೇಲೂರು ಎರಡು.
ಇಬ್ಬರೂ ಎದುರಾದ ದಿನ
ಅವರಜ್ಜಿ ನಡುಗೆರೆಯ ತುದಿಗೆ ಕೂತು
ಎರಡೂ ಕಡೆಗೆ ಸಮವಾಗಿ ಬೈದಳು.

ಎಂಬತ್ತೆರಡರಲ್ಲಿ ಅಪ್ಪನ ಕಣ್ಣಿಗೆ ಪೊರೆ.
ಒಂಬತ್ತನೇ ಕ್ಲಾಸಿನ ನಾನು ಪಕ್ಕದ ಸ್ಟೂಲಿನಲ್ಲಿ.
ಅಂಪೈರ್ ಕೂಗಿದ್ದನ್ನು ಅಪ್ಪ ಹೇಳಿದರು,
ಅಪ್ಪ ಹೇಳಿದ್ದನ್ನು ನಾನು ಬರೆದೆ.
ಕೊನೆಯ ಕಾಲಂ ಮಾತ್ರ ಎಂದಿನಿಂದಲೂ ಖಾಲಿ: ಷರಾ.
ಇಲ್ಲಿಗೇನು?
ಏನೂ ಇಲ್ಲದಿದ್ದರೆ ಇಲ್ಲ ಅಂತ ಬರಿ.

ಇತ್ತಲ್ಲ.
ಪೆನ್ಸಿಲಿನಲ್ಲಿ ಬರೆದೆ, ಸಣ್ಣದಾಗಿ:

ಮಳೆ. ಸುಣ್ಣದ ಗೆರೆ ಕರಗಿ ಯಾರ ಕಡೆ ಯಾರೋ.

ಚಿಂತಾಮಣಿಯ ಎಡಮೂಲೆಯವನಿಗೆ ಇವತ್ತು ನಿಶ್ಚಿತಾರ್ಥ. ಆಡಿ ಹೋದ.

ಗೌರಿಬಿದನೂರು ಬಸ್ಸು ಕೆಟ್ಟಿತು. ವಾಕೋವರ್.
ಗೆದ್ದವರ ಮುಖ ನೋಡಲಾಗಲಿಲ್ಲ.

ಅಂಪೈರ್ ಸೀಟಿ ಮರೆತು ಬಂದು ಬಾಯಲ್ಲೇ ಊದಿದರು.

ಅಂಕ ಅಪ್ಪನದು, ಷರಾ ನನ್ನದು.
ಅವರಿಗೆ ಗೊತ್ತಿತ್ತೋ ಏನೋ.
ಕಾಗದದ ಮೇಲೆ ಸೀಸ ಉಜ್ಜುವ ಸದ್ದು
ಕುರುಡಾಗುತ್ತಿರುವವರಿಗೆ ಕೇಳದೆ ಇರುತ್ತದೆಯೆ.

ಎಂಬತ್ತೆಂಟರ ಫೈನಲ್. ಒಂದು ಅಂಕ ಹಿಂದೆ
ಶ್ರೀನಿವಾಸಪುರ, ಕೊನೆಯ ರೈಡು ಮುನಿನಂಜಪ್ಪನದು.
ಇಬ್ಬರನ್ನು ಮುಟ್ಟಿ ತಿರುಗಿದ,
ಏಳು ಜನ ಮೇಲೆ ಬಿದ್ದರು.
ಗುಡ್ಡೆಯ ಕೆಳಗಿಂದ ಒಂದೇ ಕೈ ಹೊರಗೆ,
ಬೆರಳು ಗೆರೆಯ ಮೇಲೆ.
ಉಸಿರು ಕಡಿಯಿತು, ಔಟ್, ಅಂದರು ಅಂಪೈರ್.
ನಮ್ಮೂರು ಗೆದ್ದಿತು. ಪಟಾಕಿ.
ನನ್ನ ಸ್ಟೂಲು ಗೆರೆಯಿಂದ ಮೂರಡಿ.

ಎರಡು ಸಾವಿರದ ಏಳು. ಜಿಲ್ಲೆ ಎರಡಾಯಿತು,
ಲೀಗೂ ಎರಡಾಗಬೇಕಾಯಿತು.
ಚೀಟಿ ಎತ್ತಿದರು: ಹಿತ್ತಾಳೆ ಕಪ್ಪು ಕೋಲಾರಕ್ಕೆ,
ಪುಸ್ತಕ ಇಲ್ಲೇ.
ಅವರಿಗೆ ಇನ್ನೂರಹನ್ನೆರಡು ಪುಟದ ಜೆರಾಕ್ಸ್.
ಶಾಯಿ ಅಚ್ಚುಕಟ್ಟಾಗಿ ಮೂಡಿತು.
ಪೆನ್ಸಿಲ್ ಮೂಡಲಿಲ್ಲ.

ಹೋದ ಕಾರ್ತೀಕದಲ್ಲಿ ಬಾಗಿಲಿಗೆ ಒಬ್ಬರು,
ಕೈಯಲ್ಲಿ ಕೋಲು, ಕಿವಿಯಲ್ಲಿ ಯಂತ್ರ.
ಅಲ್ಲಿನ ಪುಸ್ತಕದಲ್ಲಿ ಔಟ್ ಅಂತಿದೆ,
ಅಸಲಿನಲ್ಲೂ ಹಾಗೇ ಇದೆಯಾ, ನೋಡಿ ಹೋಗೋಣ ಅಂತ.

ತೆರೆದು ಬೆರಳಿಟ್ಟು ತೋರಿಸಿದೆ. ಕೊನೆಯ ಕಾಲಂ.
ಮಸುಕಾಗಿತ್ತು. ಕಿಟಕಿಯ ಹತ್ತಿರ ಹೋಗಿ ಓದಿಕೊಂಡರು:
ಉಸಿರು ಕಡಿದಿರಲಿಲ್ಲ. ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇದ್ದ.
ನಾನು ಕೇಳಿದೆ.

ತುಂಬಾ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ, ಅವತ್ತು ಯಾಕಮ್ಮ ಬಾಯಿಬಿಡಲಿಲ್ಲ, ಅಂದರು.
ನನ್ನ ಹತ್ತಿರ ಉತ್ತರ ಇರಲಿಲ್ಲ, ಚಹಾ ಇತ್ತು.

ಅವರು ಹೋದ ಮೇಲೆ ಅದೇ ಸಾಲಿನ ಕೆಳಗೆ,
ಜಾಗ ಇದ್ದಷ್ಟರಲ್ಲಿ:
ಬಂದಿದ್ದರು. ಮಂಡಿ ನೋವು. ಸಕ್ಕರೆ ಬೇಡ ಅಂದರು.
ಈ ಸಲ ಶಾಯಿಯಲ್ಲಿ.